ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಕನ್ನಡಕ್ಕೊಂದು ಮೂಲೆ

ನವಂಬರ್ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ಕನ್ನಡ ಸಂಘ ಸಂಸ್ಥೆಗಳಿಗೆ ಕೈತುಂಬ ಕೆಲಸ. ರಾಜ್ಯೋತ್ಸವ, ವಾರ್ಷಿಕೋತ್ಸವ, ಯಕ್ಷಗಾನ, ಮಕ್ಕಳ ನೃತ್ಯ ವೈವಿಧ್ಯ ಎಂದು ಪ್ರತಿ ಭಾನುವಾರವೂ ಒಂದಲ್ಲ ಒಂದು ಸಭಾಗೃಹದಲ್ಲಿ ದೀಪ ಬೆಳಗುತ್ತದೆ. ನಮ್ಮ ಮಕ್ಕಳು ವೇದಿಕೆಯೇರಿ ಭಾವಗೀತೆ ಹಾಡುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಹಾಡಿದ ಮಗುವಿನ ಕೈಯಲ್ಲಿರುವ ಚೀಟಿಯನ್ನು ಒಮ್ಮೆ ನೋಡಬೇಕು. ಕನ್ನಡದ ಹಾಡು ಎಷ್ಟೋ ಸಲ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದಿರುತ್ತದೆ.

ಇದು ಯಾರ ತಪ್ಪೂ ಅಲ್ಲ. ಮನೆಯಲ್ಲಿ ಕನ್ನಡ, ತುಳು, ಕೊಂಕಣಿ. ಬಿಲ್ಡಿಂಗಿನಲ್ಲಿ ಮರಾಠಿ, ಹಿಂದಿ. ಶಾಲೆ ಕಾಲೇಜಿನಲ್ಲಿ ಇಂಗ್ಲಿಷ್. ಹೀಗೆ ಬೆಳೆಯುವ ಮಕ್ಕಳಿಗೆ ಕನ್ನಡ ಕಿವಿಯ ಭಾಷೆಯಾಗಿ ಉಳಿದಿದೆ, ಕಣ್ಣಿನ ಭಾಷೆಯಾಗಿಲ್ಲ. ಮಾತಾಡುವವರು ಇದ್ದಾರೆ, ಓದುವವರು ಕಡಿಮೆ, ಬರೆಯುವವರು ಇನ್ನೂ ಕಡಿಮೆ. ಹಿರಿಯರು ದಿನವೂ ಬೆಳಿಗ್ಗೆ ಚಹಾದೊಂದಿಗೆ ಓದುವ ಈ ಪುಟವನ್ನು ಇನ್ನು ಇಪ್ಪತ್ತು ವರ್ಷಗಳ ಅನಂತರ ಯಾರು ಓದುತ್ತಾರೆ ಎಂಬ ಪ್ರಶ್ನೆ ಸಂಘಗಳ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಉತ್ತರ ಮಾತ್ರ ಮುಂದಿನ ಸಭೆಗೆ ಹೋಗುತ್ತದೆ.

ಕನ್ನಡ ತರಗತಿ ನಡೆಸುವುದು ಒಂದು ಉತ್ತರ. ಹಲವು ಸಂಘಗಳು ಅದನ್ನು ಶ್ರದ್ಧೆಯಿಂದ ಮಾಡಿವೆ. ಆದರೆ ಹದಿನೆಂಟರ ಹರೆಯದ ಹುಡುಗ ಹುಡುಗಿಯರು ಅ ಆ ಇ ಈ ತಿದ್ದಲು ಬೆಂಚಿನಲ್ಲಿ ಕೂರುವುದು ಕಷ್ಟ. ಅವರಿಗೆ ಬರೆಯಲು ಒಂದು ಕಾರಣ ಬೇಕು, ಬರೆದದ್ದರ ಕೆಳಗೆ ತಮ್ಮ ಹೆಸರು ಬೇಕು, ಅದನ್ನು ಓದುವ ಗೆಳೆಯರು ಬೇಕು. ಈ ಮೂರೂ ಒಟ್ಟಿಗೆ ಸಿಗುವ ಜಾಗವೆಂದರೆ ವಿದ್ಯಾರ್ಥಿಗಳೇ ನಡೆಸುವ ಒಂದು ಪುಟ್ಟ ಪತ್ರಿಕೆ. ಅದು ಸಂಘದ ಕಚೇರಿಯಲ್ಲಿ ಹುಟ್ಟುವುದಕ್ಕಿಂತ ಅವರ ಕಾಲೇಜಿನಲ್ಲೇ ಹುಟ್ಟಿದರೆ ಹೆಚ್ಚು ಬಾಳುತ್ತದೆ.

ಈ ಮಾತು ಎತ್ತಿದ ಕೂಡಲೇ ಬರುವ ಆಕ್ಷೇಪ ಒಂದೇ. ನಮ್ಮ ಮಕ್ಕಳು ಓದುವ ಹೆಚ್ಚಿನ ಕಾಲೇಜುಗಳಲ್ಲಿ ಕನ್ನಡ ಪಾಠವೇ ಇಲ್ಲ. ಪಾಠವಿಲ್ಲದ ಕಡೆ ಪತ್ರಿಕೆ ಎಲ್ಲಿಂದ ಬರಬೇಕು? ಆಕ್ಷೇಪ ಸಹಜವೇ. ಆದರೆ ಕನ್ನಡ ಪತ್ರಿಕೆಗಳ ಇತಿಹಾಸ ಬೇರೆಯೇ ಕತೆ ಹೇಳುತ್ತದೆ.

ವಿಜ್ಞಾನದ ಕಾಲೇಜಿನಲ್ಲಿ ಹುಟ್ಟಿದ ಸಾಹಿತ್ಯ ಪತ್ರಿಕೆ

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಆಗ ಕಲಾ ವಿಷಯಗಳು ಮೈಸೂರಿನ ಮಹಾರಾಜ ಕಾಲೇಜಿಗೂ ವಿಜ್ಞಾನ ವಿಷಯಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಹಂಚಿಹೋಗಿದ್ದವು. ಸಾಹಿತ್ಯದ ಪತ್ರಿಕೆ ಮೈಸೂರಿನಲ್ಲಿ ಮೊದಲು ಹುಟ್ಟಬೇಕಿತ್ತು ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ಹಾಗಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಲು ಹುಡುಗರು ಬರುತ್ತಿದ್ದ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿಕೊಂಡರು. ಆ ಸಂಘದಿಂದ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಎಂಬ ತ್ರೈಮಾಸಿಕ ಹೊರಬಂತು. ಅದರ ಬೆನ್ನೆಲುಬಾಗಿ ನಿಂತವರು ಅಲ್ಲಿ ಕನ್ನಡ ಕಲಿಸುತ್ತಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು. ಮುಂದೆ 'ವಚನ ಭಾರತ' ಬರೆದು ಮನೆಮನೆಗೂ ಪರಿಚಿತರಾದ ಅವರೇ.

ಇಂಗ್ಲಿಷಿನಲ್ಲಿ ಪಾಠ, ಇಂಗ್ಲಿಷಿನಲ್ಲಿ ಪರೀಕ್ಷೆ, ಇಂಗ್ಲಿಷಿನಲ್ಲಿ ನೌಕರಿ. ಆ ಕಾಲದ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯ ಸ್ಥಿತಿ ಇಂದಿನ ಡೊಂಬಿವಲಿಯ ವಿದ್ಯಾರ್ಥಿಯ ಸ್ಥಿತಿಗಿಂತ ತೀರ ಬೇರೆಯೇನಲ್ಲ. ಕನ್ನಡದಲ್ಲಿ ಬರೆದರೆ ಅಂಕ ಸಿಗುತ್ತಿರಲಿಲ್ಲ. ಆದರೂ ಪತ್ರಿಕೆ ನಿಂತಿತು, ದೊಡ್ಡ ಹೆಸರು ಮಾಡಿದ ಅನೇಕ ಲೇಖಕರ ಬರಹ ಅದರಲ್ಲಿ ಬಂತು. ಮುಂದೆ ಮೈಸೂರು ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಕಾಲೇಜು ಸಂಘವೊಂದು ಆರಂಭಿಸಿದ ಆ ಪತ್ರಿಕೆಯ ಹೆಸರು ನೂರು ವರ್ಷ ದಾಟಿ ಉಳಿದಿದೆ.

ಅದೇ ಕಾಲೇಜಿನಲ್ಲಿ ಅದಕ್ಕೂ ಸ್ವಲ್ಪ ಮೊದಲು ಇನ್ನೊಂದು ಪ್ರಯತ್ನ ನಡೆದಿತ್ತು. ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ 'ವಿಜ್ಞಾನ' ಎಂಬ ಕನ್ನಡ ಮಾಸಿಕ ನಡೆಸಿದ್ದರು. ಕನ್ನಡದಲ್ಲಿ ವಿಜ್ಞಾನ ಬರೆಯಬಹುದು ಎಂದು ತೋರಿಸಿದ ಪತ್ರಿಕೆ ಅದು. ಆದರೆ ಎರಡು ವರ್ಷ ನಡೆದು ನಿಂತುಹೋಯಿತು. ಎರಡೂ ಪತ್ರಿಕೆಗಳ ಹಿಂದೆ ವಿದ್ವಾಂಸರಿದ್ದರು, ಉತ್ಸಾಹವಿತ್ತು. ಉಳಿದ ಪತ್ರಿಕೆಗೆ ಮೊದಲು ಕಾಲೇಜಿನ ಸಂಘದ, ಅನಂತರ ವಿಶ್ವವಿದ್ಯಾಲಯದ ಆಸರೆ ಸಿಕ್ಕಿತು. ಪತ್ರಿಕೆ ಆರಂಭಿಸಲು ಹೊರಟವರು ಈ ವಿಷಯವನ್ನು ಮನಸ್ಸಿನಲ್ಲಿಡಬೇಕು.

ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನ ಕ್ರೈಸ್ಟ್ ಕಾಲೇಜು. 1969ರಲ್ಲಿ ಆರಂಭವಾದ ಇಂಗ್ಲಿಷ್ ಮಾಧ್ಯಮದ ಸಂಸ್ಥೆ. ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಬಂದು ಓದುವ ಜಾಗ. ಅಲ್ಲಿ 1972ರಲ್ಲಿ ಕನ್ನಡ ಸಂಘ ಶುರುವಾಯಿತು. ಅದಕ್ಕೆ ಜೀವ ತುಂಬಿದವರು ಪ್ರಾಧ್ಯಾಪಕ ಚಿ. ಶ್ರೀನಿವಾಸರಾಜು. ವಿದ್ಯಾರ್ಥಿಗಳಿಗಾಗಿ ಬೇಂದ್ರೆಯವರ ಹೆಸರಿನಲ್ಲಿ ಕವನ ಸ್ಪರ್ಧೆ, ಅ.ನ.ಕೃ. ಅವರ ಹೆಸರಿನಲ್ಲಿ ಸಣ್ಣಕತೆ ಸ್ಪರ್ಧೆ ಏರ್ಪಡಿಸಿ, ಮೆಚ್ಚುಗೆಯಾದವನ್ನು ಪುಸ್ತಕವಾಗಿ ತರುವ ಕ್ರಮವನ್ನು ಆ ಸಂಘ ಬೆಳೆಸಿತು. ಎಷ್ಟೋ ಕವಿಗಳು ತಮ್ಮ ಹೆಸರನ್ನು ಅಚ್ಚಿನಲ್ಲಿ ಮೊದಲು ಕಂಡದ್ದು ಅಲ್ಲಿ. ಶ್ರೀನಿವಾಸರಾಜು 2007ರಲ್ಲಿ ತೀರಿಕೊಂಡರು. ಅವರನ್ನು ಇಂದಿಗೂ ನೆನೆಯುವವರು ಮೊದಲು ಹೇಳುವುದು ಅವರು ಬೆಳೆಸಿದ ಹುಡುಗರ ಬಗ್ಗೆ.

ಅಷ್ಟು ದೊಡ್ಡ ಕಾಲೇಜು ಕೂಡ ಬೇಕಾಗಿಲ್ಲ ಎಂಬುದಕ್ಕೆ ಗಡಿನಾಡ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳೇ ಸಾಕ್ಷಿ. ಶಾಲಾ ಬಾಲಕನಾಗಿದ್ದಾಗಲೇ, ಇನ್ನೂ ಹನ್ನೆರಡರ ವಯಸ್ಸಿನಲ್ಲಿ, ಅವರು 'ಸುಶೀಲಾ' ಎಂಬ ಕೈಬರಹದ ಪತ್ರಿಕೆ ಹೊರಡಿಸಿದ್ದರು. ಅಚ್ಚುಕೂಟವಿಲ್ಲ, ಚಂದಾದಾರರಿಲ್ಲ. ಕಾಗದ, ಶಾಯಿ, ಹಠ ಇಷ್ಟೇ ಬಂಡವಾಳ. ಆ ಬಾಲಕ 1915ರಿಂದ 2015ರ ತನಕ ನೂರು ವರ್ಷ ಬಾಳಿ, ಕೊನೆಯವರೆಗೂ ಕನ್ನಡದ ಕವಿಯಾಗಿಯೇ ಉಳಿದರು.

ನಮ್ಮ ನೆಲದಲ್ಲಿ ಏನಿದೆ

ಈಗ ನಮ್ಮ ಪರಿಸರಕ್ಕೆ ಬರೋಣ. ಮುಂಬಯಿ ಕನ್ನಡಿಗರಿಗೆ ಪತ್ರಿಕೆ ಹೊಸದಲ್ಲ. 'ಮೊಗವೀರ', 'ಅಕ್ಷಯ', 'ನೇಸರು' ಮೊದಲಾದ ಸಂಘ ಸಂಸ್ಥೆಗಳ ಮಾಸಿಕಗಳು ಇಲ್ಲಿಯ ಓದುಗರನ್ನು ಬೆಳೆಸಿವೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಒಂದು ತಲೆಮಾರು ಅವುಗಳಲ್ಲಿ ಬರೆದೇ ಲೇಖಕರಾಯಿತು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ 1978ರಿಂದ ಕನ್ನಡ ವಿಭಾಗವಿದೆ; ಅಲ್ಲಿಯ ವಿದ್ಯಾರ್ಥಿಗಳ ಸಂಶೋಧನೆಗಳು ಪುಸ್ತಕಗಳಾಗಿ ಬಂದಿವೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಮತ್ತು ಠಾಕುರ್ಲಿಯ ಮಂಜುನಾಥ ವಾಣಿಜ್ಯ ಕಾಲೇಜು ಕನ್ನಡಿಗರೇ ಕಟ್ಟಿದ ವಿದ್ಯಾಸಂಸ್ಥೆಗಳು.

ಆದರೆ ಕಲೀನಾಕ್ಕೆ ಹೋಗುವವರು ಕನ್ನಡವನ್ನೇ ಆರಿಸಿಕೊಂಡವರು. ಬಿಕಾಂ, ಬಿಎಸ್ಸಿ, ಎಂಜಿನಿಯರಿಂಗ್ ಎಂದು ಥಾಣೆ, ಕಲ್ಯಾಣ್, ನೆರೂಲ್, ವಾಶಿಯ ಕಾಲೇಜುಗಳಲ್ಲಿ ಹಂಚಿಹೋಗಿರುವ ನೂರಾರು ಮಕ್ಕಳಿಗೆ ಪಕ್ಕದ ಬೆಂಚಿನ ಹುಡುಗಿ ಕನ್ನಡತಿ ಎಂದೇ ತಿಳಿದಿರುವುದಿಲ್ಲ. ಪತ್ರಿಕೆಯ ಮೊದಲ ಉಪಕಾರ ಇದು: ಒಂದೇ ಕ್ಯಾಂಪಸ್ಸಿನಲ್ಲಿರುವ ಕನ್ನಡದ ಮಕ್ಕಳು ಒಬ್ಬರನ್ನೊಬ್ಬರು ಗುರುತಿಸುತ್ತಾರೆ.

ಮರಾಠಿಯವರಿಂದ ಕಲಿಯುವುದೂ ಇದೆ. 1909ರಲ್ಲಿ 'ಮನೋರಂಜನ' ಮಾಸಿಕದಿಂದ ಆರಂಭವಾದ ದೀಪಾವಳಿ ಅಂಕದ ಪರಂಪರೆಯನ್ನು ಅವರು ಇಂದಿಗೂ ಬಿಟ್ಟಿಲ್ಲ. 2017ರ ಫೆಬ್ರವರಿಯಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಡೊಂಬಿವಲಿಯಲ್ಲಿ. ಹಲವು ಕಾಲೇಜುಗಳಲ್ಲಿ ಮರಾಠಿ ವಾಙ್ಮಯ ಮಂಡಳಗಳಿವೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ವಿಭಾಗಗಳು ಬೇರೆ ಬೇರೆಯಾಗಿ ಇರುವುದು ರೂಢಿ. ಅಲ್ಲಿ ಕನ್ನಡಕ್ಕೆ ನಾಲ್ಕು ಪುಟ ಕೇಳುವುದು ಅಧಿಕಪ್ರಸಂಗವಾಗದು. ವಿನಯದಿಂದ ಕೇಳಬೇಕು, ಮತ್ತು ಕೇಳುವ ಹೊತ್ತಿಗೆ ಕೈಯಲ್ಲಿ ಬರಹ ಸಿದ್ಧವಿರಬೇಕು.

ಮೂರು ಮೆಟ್ಟಿಲು

ಮೊದಲ ಮೆಟ್ಟಿಲು ಗೋಡೆ ಪತ್ರಿಕೆ. ನೋಟಿಸ್ ಬೋರ್ಡಿನಲ್ಲಿ ಒಂದು ಮೂಲೆ, ತಿಂಗಳಿಗೆ ಒಂದು ಡ್ರಾಯಿಂಗ್ ಹಾಳೆ. ಕೈಬರಹದಲ್ಲಿ ನಾಲ್ಕೈದು ಬರಹ, ಒಂದು ಚಿತ್ರ. ಇದಕ್ಕೆ ಖರ್ಚೆಂಬುದು ಇಲ್ಲವೆಂದೇ ಹೇಳಬೇಕು. ಬೇಕಾದದ್ದು ಪ್ರಿನ್ಸಿಪಾಲರ ಒಪ್ಪಿಗೆ ಮತ್ತು ಜವಾಬ್ದಾರಿ ಹೊರುವ ಒಬ್ಬ ಅಧ್ಯಾಪಕರು. ಅವರಿಗೆ ಕನ್ನಡ ಬಾರದಿರಬಹುದು. ಓದಲು ಬಾರದ ಹಾಳೆಗೆ ಸಹಿ ಹಾಕಿ ಎಂದರೆ ಯಾರೂ ಹಿಂಜರಿಯುತ್ತಾರೆ. ಆದ್ದರಿಂದ ಪ್ರತಿಯೊಂದು ಬರಹದ ಸಾರಾಂಶವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು ಬರೆದು ಜೊತೆಗೆ ಕೊಡಬೇಕು. ಅದೇ ಸಾರಾಂಶವನ್ನು ಬೋರ್ಡಿನ ಕೆಳಗೂ ಅಂಟಿಸಿದರೆ ಇತರ ಭಾಷೆಯ ಗೆಳೆಯರೂ ನಿಂತು ಓದುತ್ತಾರೆ.

ಎರಡನೆಯ ಮೆಟ್ಟಿಲು ವರ್ಷಕ್ಕೊಂದು ಪುಟ್ಟ ಪುಸ್ತಿಕೆ. ಇಲ್ಲಿ ಲೆಕ್ಕ ನೋಡೋಣ. ಸಾಮಾನ್ಯ ಎ4 ಹಾಳೆಯನ್ನು ಮಧ್ಯಕ್ಕೆ ಮಡಚಿದರೆ ನಾಲ್ಕು ಪುಟ. ಹದಿನಾರು ಪುಟಕ್ಕೆ ನಾಲ್ಕು ಹಾಳೆ. ನೂರು ಪ್ರತಿಗೆ 400 ಹಾಳೆ. ಒಂದು ರೀಮಿನಲ್ಲಿ 500 ಹಾಳೆ ಇರುವುದರಿಂದ ಒಂದು ರೀಮ್ ಸಾಕು, ಮತ್ತೆಯೂ ನೂರು ಹಾಳೆ ಮಿಗುತ್ತದೆ. ರಕ್ಷಾಪುಟಕ್ಕೆ ದಪ್ಪ ಹಾಳೆ ಪ್ರತಿಯೊಂದಕ್ಕೆ ಒಂದರಂತೆ ನೂರು. ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಮಗ್ಗಿಯಲ್ಲಿ ಇರಬೇಕು. ಹದಿನೇಳನೆಯ ಪುಟಕ್ಕೆ ಒಂದು ಕವಿತೆ ಹೋಯಿತೆಂದರೆ ಇಪ್ಪತ್ತು ಪುಟದ ಖರ್ಚು ಬೀಳುತ್ತದೆ.

ಬರಹದ ಲೆಕ್ಕವೂ ಹಾಗೆಯೇ. ಈ ಅಳತೆಯ ಪುಟದಲ್ಲಿ ಓದಲು ಹಿತವಾದ ಅಕ್ಷರದಲ್ಲಿ ಸುಮಾರು 180 ಪದ ಹಿಡಿಸುತ್ತದೆ. ಸಂಪಾದಕೀಯ, ಪರಿವಿಡಿಗೆ ಎರಡು ಪುಟ ಬಿಟ್ಟರೆ ಹದಿನಾಲ್ಕು ಪುಟಕ್ಕೆ ಸುಮಾರು 2,500 ಪದ. ಅಂದರೆ ಹತ್ತು ಮಕ್ಕಳು ತಲಾ 250 ಪದ ಬರೆದರೆ ಸಂಚಿಕೆ ತುಂಬಿತು. ಒಂದು ಕಾಲೇಜಿನಲ್ಲಿ ಹತ್ತು ಮಂದಿ ಸಿಗದಿದ್ದರೆ ಎರಡು ಮೂರು ಕಾಲೇಜಿನವರು ಸೇರಬಹುದು. ಡೊಂಬಿವಲಿ ಮತ್ತು ಕಲ್ಯಾಣಕ್ಕೆ ಎಷ್ಟು ದೂರ?

ಮೂರನೆಯ ಮೆಟ್ಟಿಲು ಆಗಲೇ ಹೇಳಿದ ವಾರ್ಷಿಕ ಸಂಚಿಕೆಯ ಕನ್ನಡ ವಿಭಾಗ. ಬೋರ್ಡಿನ ಹಾಳೆಗಳನ್ನೂ ಪುಸ್ತಿಕೆಯನ್ನೂ ತೋರಿಸಿದವರಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತದೆ.

ಕೆಲವರಿಗೆ ಸರಕಾರಿ ಪರವಾನಿಗೆಯ ಹೆದರಿಕೆ. 1867ರ ಹಳೆಯ ಕಾಯಿದೆಯ ಬದಲಿಗೆ 2023ರಲ್ಲಿ ಹೊಸ ಕಾಯಿದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಿಯತವಾಗಿ ಅಚ್ಚಾಗಿ ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟಿಪ್ಪಣಿ ಕೊಡುವ ಪತ್ರಿಕೆಗಳಿಗೆ ಅದು ಅನ್ವಯ. ಬೋರ್ಡಿಗೆ ಅಂಟಿಸುವ ಕೈಬರಹ ಅಚ್ಚಿನ ಪತ್ರಿಕೆಯೇ ಅಲ್ಲ. ಕತೆ, ಕವಿತೆ, ನೆನಪುಗಳ ಪುಸ್ತಿಕೆ ಸುದ್ದಿಪತ್ರಿಕೆಯೂ ಅಲ್ಲ. ಮುಂದೆ ಸುದ್ದಿ ಸಮೇತ ಮಾಸಿಕವಾಗಿ ಅಚ್ಚು ಹಾಕಿ ಊರಿಗೆಲ್ಲ ಹಂಚುವ ಧೈರ್ಯ ಬಂದಾಗ ಪ್ರೆಸ್ ಸೇವಾ ಪೋರ್ಟಲಿನಲ್ಲಿ ನೋಂದಣಿಯ ವಿಚಾರ ನೋಡಿದರಾಯಿತು.

ಲಿಪಿಯ ತೊಡಕು

ನಿಜವಾದ ಕಷ್ಟ ಲಿಪಿಯದ್ದು. ದೇವನಾಗರಿಯಲ್ಲಿ ಬರೆದರೇನು ಎಂದು ಕೇಳುವ ಹೆತ್ತವರಿದ್ದಾರೆ. ಆರಂಭಕ್ಕೆ ಅಡ್ಡಿಯಿಲ್ಲ, ಆದರೆ ಅಲ್ಲಿಯೇ ನಿಂತರೆ ನಷ್ಟವಿದೆ. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ಈ ಭೇದವಿಲ್ಲ. ಅಲ್ಲಿ 'ಬೆಳೆ' ಮತ್ತು 'ಬೇಳೆ' ಒಂದೇ ಆಗುತ್ತವೆ. 'ಕೊಡು' ಎಂದು ಬರೆದದ್ದು 'ಕೋಡು' ಎಂದೂ ಓದಿಸಿಕೊಳ್ಳುತ್ತದೆ. ಗದ್ದೆಯ ಬೆಳೆ ಸಾರಿನ ಬೇಳೆಯಾದರೆ ಅಜ್ಜಿ ನಗುತ್ತಾರೆ, ಮಗುವಿಗೆ ನಗು ಯಾಕೆಂದೇ ತಿಳಿಯುವುದಿಲ್ಲ.

ಸಮಾಧಾನದ ಸಂಗತಿಯೂ ಇದೆ. ಮರಾಠಿ ಓದಬಲ್ಲ ಮಗುವಿಗೆ ಕನ್ನಡ ವರ್ಣಮಾಲೆಯ ಕ್ರಮ ಆಗಲೇ ಗೊತ್ತು. ಕ ಖ ಗ ಘ ಎರಡಕ್ಕೂ ಒಂದೇ, ಹಿಂದಿಯವರಿಗೆ ಕಷ್ಟವಾಗುವ 'ಳ' ಮರಾಠಿಯಲ್ಲೂ ಇದೆ. ಹೊಸದಾಗಿ ಕಲಿಯಬೇಕಾದದ್ದು ಅಕ್ಷರದ ಆಕಾರ, ಹ್ರಸ್ವ ದೀರ್ಘದ ಈ ಎರಡು ಜೋಡಿ, ಪಕ್ಕದಲ್ಲಿ ಸೇರುವ ಬದಲು ಕೆಳಗಿಳಿಯುವ ಒತ್ತಕ್ಷರ, ಮತ್ತು ಅರ್ಕಾವತ್ತು. ಒಂದು ಬರಹವನ್ನು ತನ್ನ ಹೆಸರಿನಲ್ಲಿ ಬೋರ್ಡಿಗೆ ಹಾಕಬೇಕೆಂಬ ಆಸೆ ಹುಟ್ಟಿದ ಮೇಲೆ ಇಷ್ಟು ಕಲಿಯುವುದು ದೊಡ್ಡ ಮಾತಲ್ಲ. ಮೊದಲ ಕರಡು ದೇವನಾಗರಿಯಲ್ಲಿ ಬರಲಿ. ಅದನ್ನು ಕನ್ನಡಕ್ಕೆ ಇಳಿಸುವ ಕೆಲಸವನ್ನು ಬರೆದವರೇ ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾಡಲಿ.

ಅಚ್ಚಿಗೆ ಹೋಗುವಾಗ ಇನ್ನೊಂದು ಎಚ್ಚರ. ಮೊಬೈಲಿನಲ್ಲಿ ಟೈಪ್ ಮಾಡಿದ ಕನ್ನಡ ಯುನಿಕೋಡಿನಲ್ಲಿರುತ್ತದೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟ್ ಬಳಸುತ್ತಿದ್ದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಒತ್ತು ಒಂದು ಕಡೆ ಅಕ್ಷರ ಒಂದು ಕಡೆ. ಅಂಗಡಿಯವರಿಗೆ ಕನ್ನಡ ಬಾರದ ಕಾರಣ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ. ಪುಟಗಳನ್ನು ವಿದ್ಯಾರ್ಥಿಗಳೇ ಜೋಡಿಸಿ ಪಿಡಿಎಫ್ ಮಾಡಿ ಒಯ್ಯುವುದು ಒಳ್ಳೆಯದು. ಮೊದಲು ಒಂದೇ ಪ್ರತಿ ತೆಗೆಸಿ, ಕನ್ನಡ ಚೆನ್ನಾಗಿ ಬಲ್ಲ ಇಬ್ಬರು ಓದಿದ ಮೇಲೆ ಉಳಿದದ್ದು.

ಏನು ಬರೆಯಬೇಕು

ನಾಡು ನುಡಿಯ ಮೇಲಿನ ಭಾಷಣದಂಥ ಪ್ರಬಂಧ ಬೇಡ. ಅದನ್ನು ಹಿರಿಯರೇ ಸಾಕಷ್ಟು ಬರೆದಿದ್ದಾರೆ. ಮಕ್ಕಳು ತಾವು ಕಂಡದ್ದನ್ನು ಬರೆಯಲಿ. ಬೆಳಗಿನ ಡೊಂಬಿವಲಿ ಲೋಕಲಿನಲ್ಲಿ ಬ್ಯಾಗು ಎದೆಗವಚಿಕೊಂಡು ನಿಲ್ಲುವುದು, ತುರ್ಭೆಯ ಎಪಿಎಂಸಿ ಮಾರುಕಟ್ಟೆಗೆ ಮುಂಜಾನೆ ಹೋಗುವ ಅಪ್ಪ, ವಾಗ್ಳೆ ಎಸ್ಟೇಟಿನ ಕಾರ್ಖಾನೆ ಕ್ಯಾಂಟೀನು, ಊರಿನ ನೇಮಕ್ಕೆ ಹೋದಾಗ ಅರ್ಥವಾಗದೆ ಉಳಿದ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದು ಹಿರಿಯರ ನೆನಪು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಪಾಸಾದವರು ನಮ್ಮ ನಡುವೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಕತೆ ಯಾವ ಕಡತದಲ್ಲೂ ಇಲ್ಲ. ಮೊಮ್ಮಗಳು ಅಜ್ಜನೆದುರು ಕೂತು ಹತ್ತು ಪ್ರಶ್ನೆ ಕೇಳಿ, ತುಳುವಿನಲ್ಲೋ ಕನ್ನಡದಲ್ಲೋ ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಎರಡು ಪುಟ ಬರೆದರೆ, ಅದು ಆ ಮನೆಗೆ ಆಸ್ತಿ, ಸಮಾಜಕ್ಕೆ ದಾಖಲೆ. ಅಜ್ಜ ಹೋದ ಮೇಲೆ ಶ್ರದ್ಧಾಂಜಲಿ ಸಭೆಯಲ್ಲಿ ಹೇಳುವ ಮಾತಿಗಿಂತ ಅದು ಮೇಲು.

ಹಿರಿಯರು ಎಲ್ಲಿ ನಿಲ್ಲಬೇಕು

ಸಂಘದ ಪದಾಧಿಕಾರಿಗಳಿಗೆ ಇಲ್ಲಿ ಮೂರು ಕೆಲಸ. ಒಂದು, ಹಣ. ಸಂಘದ ಖಾತೆಯಲ್ಲೇ ಪತ್ರಿಕೆಗೆ ಬೇರೆ ಲೆಜರ್ ಪುಟ ತೆರೆದು, ಬಂದದ್ದು ಹೋದದ್ದನ್ನು ಇಬ್ಬರು ವಿದ್ಯಾರ್ಥಿಗಳೇ ಬರೆದಿಡುವಂತೆ ಮಾಡಬೇಕು. ಲೆಕ್ಕವನ್ನು ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕಿದರೆ ಮುಂದಿನ ವರ್ಷ ಕೊಡುವವರಿಗೂ ನಂಬಿಕೆ. ಎರಡು, ತಿದ್ದುಪಡಿ. ಕಾಗುಣಿತ ತಿದ್ದಿ ಕೊಡಬೇಕು. ವಾಕ್ಯವನ್ನು ವೇದಿಕೆಯ ಕನ್ನಡಕ್ಕೆ ಬದಲಿಸಬಾರದು. ಮಗು ಬರೆದ ಸರಳ ಸಾಲು ಹಾಗೆಯೇ ಇರಲಿ. ಮೂರು, ಜಾಗ ಬಿಡುವುದು. ಅಧ್ಯಕ್ಷರ ಭಾವಚಿತ್ರ, ಶುಭ ಸಂದೇಶ, ದಾನಿಗಳ ಪಟ್ಟಿಗೆ ಸ್ಮರಣ ಸಂಚಿಕೆ ಇದೆ. ಹದಿನಾರು ಪುಟದಲ್ಲಿ ನಾಲ್ಕು ಪುಟ ಅದಕ್ಕೇ ಹೋದರೆ ಸುಮಾರು ಮೂರು ಮಕ್ಕಳ ಬರಹ ಹೊರಗುಳಿದಂತೆ.

ಸಮಯದ ಲೆಕ್ಕವನ್ನೂ ನೋಡಬೇಕು. ಬಿಡುಗಡೆಗೆ ನವಂಬರ್ ಒಂದು ಎಲ್ಲರಿಗೂ ಪ್ರಿಯ. ಆದರೆ ಅಕ್ಟೋಬರ್ ನವಂಬರಿನಲ್ಲಿ ಸೆಮಿಸ್ಟರ್ ಪರೀಕ್ಷೆ, ದೀಪಾವಳಿ ರಜೆ. ಜೂನ್ ಜುಲಾಯಿಯಲ್ಲಿ ಬರಹ ಕೇಳಿ, ರಜೆಯಲ್ಲಿ ತಿದ್ದಿ ಜೋಡಿಸಿ, ಡಿಸೆಂಬರ್ ಜನವರಿಯ ಕಾಲೇಜು ಉತ್ಸವದ ಹೊತ್ತಿಗೆ ತಂದರೆ ಓದುವ ಗೆಳೆಯರೂ ಕ್ಯಾಂಪಸ್ಸಿನಲ್ಲಿರುತ್ತಾರೆ.

ಇನ್ನು ಹಸ್ತಾಂತರ. ವಿದ್ಯಾರ್ಥಿ ಕಾಲೇಜಿನಲ್ಲಿರುವುದು ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಮೊದಲ ಸಂಪಾದಕಿ ಪಾಸಾಗಿ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ದಿನ ಪತ್ರಿಕೆಯೂ ನಿಲ್ಲುವ ಅಪಾಯವಿದೆ. ಅಂತಿಮ ವರ್ಷದವರು ಸಂಪಾದಕರಾದರೆ ಮೊದಲ ವರ್ಷದವರೊಬ್ಬರು ಸಹಾಯಕರಾಗಿ ಇರಲೇಬೇಕು ಎಂಬ ಒಂದು ನಿಯಮ, ಹಳೆಯ ಸಂಚಿಕೆ, ಲೆಕ್ಕ, ವಿಳಾಸಗಳ ಒಂದು ಫೈಲು, ಅದನ್ನು ಕಾದಿಡಲು ಸಂಘದ ಕಚೇರಿಯ ಕಪಾಟಿನಲ್ಲಿ ಒಂದು ಅರೆ. 'ವಿಜ್ಞಾನ' ಎರಡು ವರ್ಷಕ್ಕೆ ನಿಂತದ್ದನ್ನೂ 'ಪ್ರಬುದ್ಧ ಕರ್ಣಾಟಕ' ಶತಮಾನ ಕಂಡದ್ದನ್ನೂ ನೆನೆದರೆ ಈ ಸಣ್ಣ ವ್ಯವಸ್ಥೆಯ ಬೆಲೆ ತಿಳಿಯುತ್ತದೆ.

ಹತ್ತನೆಯ, ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಶಾಲು, ಹೂಗುಚ್ಛ, ನಗದಿನ ಲಕೋಟೆ ಕೊಟ್ಟು ಫೋಟೊ ತೆಗೆದು ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತೇವೆ. ಬರುವ ವರ್ಷ ಆ ಲಕೋಟೆಯ ಜೊತೆಗೆ ಒಂದು ಖಾಲಿ ಹಾಳೆಯನ್ನೂ ಇಡಬಹುದು. ಅದರ ತಲೆಯಲ್ಲಿ ಒಂದೇ ಪ್ರಶ್ನೆ ಅಚ್ಚಾಗಿರಲಿ: ನಿಮ್ಮ ಮನೆಯಿಂದ ಮುಂಬಯಿಗೆ ಮೊದಲು ಬಂದವರು ಯಾರು, ಹೇಗೆ ಬಂದರು? ಉತ್ತರ ಬರೆದು ತರಲು ಒಂದು ತಿಂಗಳ ಗಡುವು ಕೊಡಿ. ಇಪ್ಪತ್ತು ಹಾಳೆ ಕೊಟ್ಟು ಹತ್ತು ಮರಳಿ ಬಂದರೂ ಸಾಕು, ಮೊದಲ ಸಂಚಿಕೆ ತುಂಬುತ್ತದೆ.